ಕೈಗುಣ ನಂಬಿ ಕೊಂಡ ಷೇರು

ಬೆಟಗೇರಿ
೨೧೮೮, ನೆರಳುತಿಂಗಳ ನಲವತ್ತೊಂದನೆಯ ದಿನ

ನನ್ನ ಮುತ್ತಜ್ಜಿಯ ಮುತ್ತಜ್ಜಿ ನೀಲಗಂಗಾಳಿಗೆ ಮಿಂಚವ್ವನ ನಮಸ್ಕಾರಗಳು.

ತಾರೀಖು ನೋಡಿ, ಇದ್ಯಾವ ಹುಚ್ಚಿಯ ಕಾಗದ ಎಂದು ಎಸೆಯಬೇಡ. ನಿಮ್ಮ ಕಾಲದ ಬೇಸಿಗೆ ಬೆಳೆಯುತ್ತ ಬೆಳೆಯುತ್ತ ಇದ್ದ ತಿಂಗಳುಗಳಲ್ಲಿ ಹಿಡಿಸದೆ ಹೋಯಿತು. ಆಗ ಹಿರಿಯರು ಮೇ ತಿಂಗಳ ಪಕ್ಕದಲ್ಲಿ ಇನ್ನೊಂದು ತಿಂಗಳಿಗೆ ಜಾಗ ಮಾಡಿದರು. ಅದೇ ನೆರಳುತಿಂಗಳು. ಈ ದಿನಗಳಲ್ಲಿ ಹಗಲು ಕಚೇರಿ ಇಲ್ಲ, ಪೇಟೆ ಇಲ್ಲ. ಬೆಟಗೇರಿಯ ಮಗ್ಗದಲ್ಲಿ ನೇಯ್ದ ದಪ್ಪ ಬಟ್ಟೆಯನ್ನು ಓಣಿಯ ಈ ಮಾಳಿಗೆಯಿಂದ ಆ ಮಾಳಿಗೆಗೆ ಕಟ್ಟಿ, ಅದರ ಕೆಳಗೆ ಓಡಾಡುತ್ತೇವೆ. ಹಿಂದಿನವರಿಗೆ ಬರೆಯುವ ಇಂಥ ಕಾಗದಕ್ಕೆ ಹಿನ್ನೋಲೆ ಎನ್ನುತ್ತೇವೆ. ಮುಟ್ಟುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಅಂಚೆಯವನು ಮಾತ್ರ ಬಹಳ ಗಂಭೀರವಾಗಿ ಮುದ್ರೆ ಒತ್ತುತ್ತಾನೆ. ನಿಮ್ಮ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತು ಬರೆಯುತ್ತಿದ್ದೇನೆ, ಮಾತು ಎಲ್ಲಾದರೂ ಓರೆಯಾದರೆ ಹೊಟ್ಟೆಗೆ ಹಾಕಿಕೋ. ಇನ್ನೊಂದು ಪೇಚು: ನೀನು ಇನ್ನೂ ನಲವತ್ತು ದಾಟದವಳು, ನನಗೆ ಎಪ್ಪತ್ತೊಂದು. ಯಾರ ಕಾಲಿಗೆ ಯಾರು ಬೀಳಬೇಕು? ಅಜ್ಜಿಗೆ ‘ನೀನು’ ಎನ್ನುವುದು ನಮ್ಮ ಕಡೆಯ ರೂಢಿ, ಅದನ್ನೇ ಹಿಡಿದು ಮುಂದೆ ಹೋಗುತ್ತೇನೆ.

ನಿನ್ನ ಕೈಗುಣದ ಕೀರ್ತಿ ಇಲ್ಲಿಯವರೆಗೂ ಬಂದಿದೆ. ನೀನು ನೆಟ್ಟ ಕರಿಬೇವು ಚಿಗುರದೆ ಇರುತ್ತಿರಲಿಲ್ಲವಂತೆ, ನೀನು ಹಾಕಿದ ಉಪ್ಪಿನಕಾಯಿ ಬೂಸು ಹಿಡಿಯುತ್ತಿರಲಿಲ್ಲವಂತೆ. ಓಣಿಯಲ್ಲಿ ಯಾರು ಹೊಸ ಒಲೆ ಹಚ್ಚಿದರೂ ಮೊದಲು ಹಾಲು ಉಕ್ಕಿಸಲು ನೀನೇ ಬೇಕು. ಇಷ್ಟರ ಮಟ್ಟಿಗೆ ಒಳ್ಳೆಯದೇ. ಆದರೆ ಬ್ಲೌಸ್ ಹೊಲಿದ ಹಣದಲ್ಲಿ ನೀನು ಫೋನಿನಲ್ಲಿ ಷೇರು ಕೊಂಡೆ. ಮೊದಲು ಬಿಸ್ಕತ್ತಿನ ಕಂಪನಿ, ಮಕ್ಕಳು ತಿನ್ನುತ್ತಾರೆ ಎಂದು. ಆಮೇಲೆ ಟೈರಿನ ಕಂಪನಿ, ಯಾಕೆಂದು ನಿನಗೇ ಗೊತ್ತಿರಲಿಲ್ಲ. ಎರಡೂ ಏರಿದವು. ಆ ವರ್ಷ ಷೇರುಪೇಟೆಯೇ ಏರುತ್ತಿತ್ತು ತಾಯಿ, ಕಣ್ಣು ಮುಚ್ಚಿ ಕೈಯಿಟ್ಟವರಿಗೂ ಲಾಭ ಬಂದಿತ್ತು. ಓಣಿಯವರು ಅದನ್ನೂ ಕೈಗುಣದ ಲೆಕ್ಕಕ್ಕೆ ಸೇರಿಸಿದರು, ನೀನೂ ಬೇಡ ಎನ್ನಲಿಲ್ಲ. ಹೊಗಳಿಕೆಯನ್ನು ಬೇಡ ಎಂದವರನ್ನು ನಾನಿನ್ನೂ ಕಂಡಿಲ್ಲ.

ಎದುರುಮನೆಯ ದಾಕ್ಷಾಯಣಿ, ನಿನ್ನ ದಾಕ್ಷಕ್ಕ, ಮದುವೆಯಾಗಿ ಬಂದಂದಿನಿಂದ ನಿನ್ನ ಕೂಡ ಒಂದೇ ತಾಟಿನಲ್ಲಿ ಉಂಡವಳು. ಮಗಳು ಪಲ್ಲವಿಯ ನರ್ಸಿಂಗ್ ಕಾಲೇಜಿಗೆಂದು ಕೂಡಿಟ್ಟ ಹಣವಿದ್ದ ಫೋನನ್ನೇ ಅವಳು ನಿನ್ನ ಕೈಗೆ ಕೊಟ್ಟಳು. ಯಾವ ಕಂಪನಿ, ಏನು ಮಾಡುತ್ತದೆ, ಒಂದೂ ಕೇಳಲಿಲ್ಲ.

“ನೀ ಒತ್ತವಾ ನೀಲಾ. ನಾ ಒತ್ತಿದ್ರ ಏರೂದಿಲ್ಲ, ನಿನ್ನ ಕೈ ಹತ್ತಿದ್ರ ಸಾಕು” ಎಂದಳಂತೆ.

ನೀನು ಕೈತೊಳೆದು, ದೇವರ ಮುಂದೆ ನಿಂತು, ಬ್ಯಾಟರಿ ಕಂಪನಿಯ ಷೇರಿನ ಮೇಲೆ ಒತ್ತಿದೆ. ಈ ಕಾಗದ ಸರಿಯಾದ ಹೊತ್ತಿಗೆ ಮುಟ್ಟಿದ್ದರೆ ಈಗ ಅದು ಏರುತ್ತಿದೆ. ಇಬ್ಬರೂ ಹೋಳಿಗೆ ಮಾಡಿ ಉಂಡಿದ್ದೀರಿ. ನೀಲಾ, ಅದು ಬೀಳುತ್ತದೆ. ಬಿದ್ದಾಗ ನೀನು “ತಡಿ ಅಕ್ಕಾ, ಏರತೈತಿ” ಎನ್ನುತ್ತೀ. ಅಗ್ಗವಾಯಿತೆಂದು ಇನ್ನಷ್ಟು ಕೊಳ್ಳುತ್ತೀ. ಮಾರಿದರೆ ತಪ್ಪು ಒಪ್ಪಿಕೊಂಡಂತೆ ಎಂದು ಮಾರುವುದಿಲ್ಲ. ಕಡೆಗೆ ಅದನ್ನು ಕೊಳ್ಳುವವರೇ ಇರುವುದಿಲ್ಲ.

ಇದೆಲ್ಲ ಹೇಳಲು ನನಗೇನು ಅಧಿಕಾರ ಎಂದರೆ, ನಾನು ಇಲ್ಲಿಯ ನೆನೆಮನೆಯಲ್ಲಿ ಕೂರುವವಳು. ಕಾಳು ನೆನೆಸಿದ ಹಾಗೆ ನಾವು ಷೇರಿನ ಬೇಡಿಕೆಯನ್ನೂ ನೆನೆಹಾಕುತ್ತೇವೆ. ಕೊಳ್ಳಬೇಕು ಎಂದವರು ಬಂದು ಹೇಳಿ ಹೋಗಬೇಕು, ಮೂರು ದಿನ ಅದು ಹಾಗೇ ಇರುತ್ತದೆ, ಆಮೇಲೂ ಮನಸ್ಸಿದ್ದರೆ ಪೇಟೆಗೆ ಹೋಗುತ್ತದೆ. ಕಪ್ಪತಗುಡ್ಡದ ಗಾಳಿಪಾಲು, ಅಂದರೆ ಗಾಳಿಯಂತ್ರಗಳ ಷೇರು, ಎಲ್ಲರಿಗೂ ಬೇಕು. ಗಾಳಿ ಜೋರಾದ ಮಧ್ಯಾಹ್ನ ನಮ್ಮ ಕಟ್ಟೆಯ ಮೇಲೆ ಕಾಲಿಡಲು ಜಾಗವಿರುವುದಿಲ್ಲ, ಗಾಳಿ ನಿಂತ ಮರುದಿನ ಅರ್ಧಕ್ಕರ್ಧ ಜನ ಬೇಡಿಕೆಯನ್ನು ಹಿಂದೆ ತೆಗೆದುಕೊಳ್ಳಲು ಬರುತ್ತಾರೆ. ನಾನು ಬೈಯುತ್ತೇನೆ, ಅವರು ನಗುತ್ತಾರೆ, ಮತ್ತೆ ಬರುತ್ತಾರೆ. ಮೊದಲು ಕೇಳುವ ಪ್ರಶ್ನೆ ಒಂದೇ: ಇದು ತಾರೀಖಿನ ದುಡ್ಡೋ, ತಾರೀಖಿಲ್ಲದ ದುಡ್ಡೋ? ಮದುವೆ, ಔಷಧ, ಫೀಸು, ಇಂಥ ದಿನ ಬೇಕೇ ಬೇಕು ಎನ್ನುವ ಹಣ ತಾರೀಖಿನ ದುಡ್ಡು. ಪೇಟೆ ಯಾರ ತಾರೀಖನ್ನೂ ಕೇಳಿ ಬೀಳುವುದಿಲ್ಲವಾದ್ದರಿಂದ ಅದನ್ನು ನಾವು ಮುಟ್ಟುವುದಿಲ್ಲ. ಎರಡನೆಯ ಪ್ರಶ್ನೆ: ಇದು ಹೋದರೆ ನೋಯುವವರು ಯಾರು, ಅವರಿಗೆ ಹೇಳಿದ್ದೀಯಾ? ಈ ಪ್ರಶ್ನೆಗೆ ಬಹಳ ಜನ ನೆಲ ನೋಡುತ್ತಾರೆ.

ಇದರಿಂದ ಎಲ್ಲರೂ ಜಾಣರಾಗಿಬಿಟ್ಟಿದ್ದೇವೆ ಎಂದುಕೊಳ್ಳಬೇಡ. ಅಯ್ಯೋ, ಸೋಲುವುದನ್ನು ನಾವೂ ಬಿಟ್ಟಿಲ್ಲ. ಅದಕ್ಕೇ ನೆರಳುತಿಂಗಳಲ್ಲಿ ಒಂದು ದಿನ ಸೋಲಿನ ಪಂಕ್ತಿ ಇರುತ್ತದೆ. ಕಳೆದುಕೊಂಡವರು ಎಲೆಯ ಮುಂದೆ ಕೂರುತ್ತಾರೆ, ಗಳಿಸಿದವರು ಬಡಿಸುತ್ತಾರೆ. ಕಳೆದುಕೊಂಡವರು ಎಷ್ಟು ಹೋಯಿತು ಎಂದು ಹೇಳುವಂತಿಲ್ಲ, ಕೊಳ್ಳುವಾಗ ಏನು ಅಂದುಕೊಂಡಿದ್ದೆ ಎಂದು ಹೇಳಬೇಕು. ಹೊಸದಾಗಿ ಪೇಟೆಗೆ ಕಾಲಿಡುವವರು ಕೇಳಿಸಿಕೊಳ್ಳಬೇಕು. ಗಳಿಸಿದವರ ಪಾಡು ಇನ್ನೂ ಕಷ್ಟ, ತಿಳಿದು ಗಳಿಸಿದ್ದೆಷ್ಟು, ತಾನಾಗಿ ಬಂದದ್ದೆಷ್ಟು ಎಂದು ಅವರು ಒಡೆದು ಹೇಳಬೇಕು. ಹೋದ ವರ್ಷ ಸಾರಿನ ಬಕೀಟು ಹಿಡಿದಿದ್ದ ಹುಡುಗಿಯೊಬ್ಬಳು, “ನಾ ಏನೂ ತಿಳಕೊಂಡಿದ್ದಿಲ್ರೀ, ಕಂಪನಿ ಹೆಸರು ಛಂದ ಇತ್ತು, ತೊಗೊಂಡೆ, ಏರ್ತು” ಎಂದಳು. ಪಂಕ್ತಿಯೆಲ್ಲ ಎದ್ದು ಚಪ್ಪಾಳೆ ಹೊಡೆಯಿತು. ಅಷ್ಟು ನಿಜ ಹೇಳುವವರು ವರ್ಷಕ್ಕೊಬ್ಬರು ಸಿಕ್ಕರೆ ಪುಣ್ಯ.

ಈ ವರ್ಷ ಪಂಕ್ತಿಯಲ್ಲಿ ನನಗಿಂತ ಹಿರಿಯರೊಬ್ಬರು ಎದ್ದು ನಿಂತರು. ಬಸವಂತಪ್ಪ ಎಂದು ಹೆಸರು, ಊರು ಮುಂಡರಗಿ. “ನಂದಲ್ಲ, ನಮ್ಮ ಮನಿ ಹಳೇ ಸೋಲು ಹೇಳ್ತೀನಿ” ಎಂದು ಶುರುಮಾಡಿದರು. ದಾಕ್ಷಾಯಣಿ ಎಂಬ ಹೆಸರು ಬಂತು, ಕೈಗುಣ ಬಂತು, ಬ್ಯಾಟರಿ ಕಂಪನಿ ಬಂತು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಯಾಕೆಂದರೆ ಆ ಕತೆ ನಮ್ಮ ಮನೆಯಲ್ಲೂ ಇದೆ. ನಾವು ಹೇಳುವುದೇನೆಂದರೆ: ಹಣ ಹೋಯಿತು, ದಾಕ್ಷಾಯಣಿ ಮುಖ ತಿರುಗಿಸಿದಳು, ಎದುರುಮನೆಯ ಬಾಗಿಲು ಮುಚ್ಚಿತು. ಆರು ತಲೆಮಾರು ನಾವು ಆಕೆಯನ್ನು ಕಲ್ಲುಮನಸ್ಸಿನವಳು ಎಂದುಕೊಂಡೇ ಬಂದೆವು.

ದಾಕ್ಷಾಯಣಿಯ ವಂಶದವರಾದ ಬಸವಂತಪ್ಪನವರ ಮನೆಯಲ್ಲಿ ಕತೆ ಬೇರೆಯೇ ಇದೆ. ದಾಕ್ಷಾಯಣಿ ಬಾಗಿಲು ಮುಚ್ಚಲೇ ಇಲ್ಲವಂತೆ. ಪಲ್ಲವಿ ಒಂದು ವರ್ಷ ತಡವಾಗಿ ಕಾಲೇಜು ಸೇರಿದಳು, ಕಲಿತಳು, ನರ್ಸ್ ಆದಳು, ಆ ನೋವು ಅಲ್ಲಿಗೆ ಮುಗಿಯಿತು. ಮುಗಿಯದೆ ಉಳಿದದ್ದು ನೀನು ದೂರವಾದ ನೋವು. ನೀನು ನಾಚಿಕೆಯಿಂದ ಆ ಕಡೆ ಹೋಗುವುದನ್ನು ಬಿಟ್ಟೆ. ನೀರು ಹಿಡಿಯಲು ಆಕೆ ಹೊರಬಂದರೆ ನೀನು ಒಳಹೋದೆ. ಆಕೆ ಕರೆದರೆ ಹೊಲಿಗೆಯಂತ್ರದ ಸದ್ದಿನಲ್ಲಿ ಕೇಳದಂತೆ ಕೂತೆ. ಬೈಯುತ್ತಾಳೆ ಎಂದುಕೊಂಡೆ, ಮಾತಾಡಿಸಿ ನೋಡಲಿಲ್ಲ. ಕಡೆಗೆ ಮನೆಯನ್ನೇ ಬೇರೆ ಓಣಿಗೆ ಬದಲಾಯಿಸಿದೆ. ದಾಕ್ಷಾಯಣಿ ಸಾಯುವತನಕ ಒಂದೇ ಮಾತು ಆಡುತ್ತಿದ್ದಳಂತೆ:

“ರೊಕ್ಕ ಹೋದ್ರ ಹೋಗ್ಲಿ. ನೀಲಾ ಯಾಕ ಬರೂದು ಬಿಟ್ಲು?”

ಇದನ್ನು ಹೇಳುವಾಗ ಆ ಹಿರಿಯರು ಅತ್ತರು. ನಾನೂ ಅತ್ತೆ. ಆಮೇಲೆ ನಿನ್ನ ಮೇಲೆ ಕೆಂಡದಂಥ ಸಿಟ್ಟು ಬಂತು, ಅದೇ ಸಿಟ್ಟಿನಲ್ಲಿ ಮನೆಗೆ ಬಂದು ಈ ಕಾಗದಕ್ಕೆ ಕೂತೆ. ಬರೆಯುತ್ತ ಬರೆಯುತ್ತ ಸಿಟ್ಟು ಇಳಿದು ಈಗ ಬರೀ ಸಂಕಟ ಉಳಿದಿದೆ.

ಆ ಷೇರು ಇವತ್ತೇ ಮಾರು ಎಂದು ಬರೆಯಬಹುದು. ನೀನು ಮಾರುವುದಿಲ್ಲ. ಏರುತ್ತಿರುವಾಗ ಮಾರು ಎಂದವಳನ್ನು ಹೊಟ್ಟೆಕಿಚ್ಚಿನವಳು ಎನ್ನುತ್ತೀರಿ, ನೆನೆಮನೆಯಲ್ಲಿ ಆ ಬಿರುದು ನನಗೆ ವಾರಕ್ಕೊಮ್ಮೆ ಸಿಗುತ್ತದೆ. ಒಮ್ಮೆ ಗೆದ್ದವರಿಗೆ ಬುದ್ಧಿ ಹೇಳಿ ನಾನು ಗೆದ್ದದ್ದಿಲ್ಲ. ಹಾಗಾಗಿ ಸೋಲಬೇಡ ಎಂದು ಕೇಳುವುದಿಲ್ಲ. ಸೋತ ಮೇಲಿನ ಒಂದು ದಿನವನ್ನು ಮಾತ್ರ ಕೇಳುತ್ತೇನೆ.

ಎಲ್ಲ ಹೋಯಿತು ಎಂದು ಗೊತ್ತಾದ ದಿನ ನಿನಗೆ ನೆಲ ಬಾಯಿಬಿಟ್ಟರೆ ಸಾಕೆನಿಸುತ್ತದೆ. ಅವತ್ತೇ ಹೋಗು, ಮರುದಿನಕ್ಕೆ ಇಟ್ಟರೆ ನೀನು ಹೋಗುವುದಿಲ್ಲ. ಹಣ ಹೊಂದಿಸಿಕೊಂಡು ಹೋಗುತ್ತೇನೆ ಎಂದು ಕಾಯಬೇಡ. ಏನು ಹೇಳಲಿ ಎಂದು ಮಾತು ಜೋಡಿಸಬೇಡ, ಬರಿಗೈಯಲ್ಲಿ ಓಣಿ ದಾಟು. ಬಾಗಿಲು ತೆರೆದೇ ಇರುತ್ತದೆ. ದಾಕ್ಷಕ್ಕ ಅಳಬಹುದು, ಬೈಯಬಹುದು, ಅದು ಆಕೆಯ ಹಕ್ಕು, ಕೂತು ಕೇಳು. ಆಮೇಲೆ ಆಕೆ, ಉಂಡಿಯೇನು ಎಂದು ಕೇಳುತ್ತಾಳೆ.

ಇಲ್ಲ ಎನ್ನು.