ತೆರೆಸಾ ಬಾಯಿಯ ಪಕ್ಕದ ಎಲೆ

ಬೆಳ್ಮಣ್, ಆಟಿ ಅಮಾವಾಸ್ಯೆ
೪ ಆಗಸ್ಟ್ ೨೦೨೪

ಶ್ರವಣನ ಅಪ್ಪನಿಗೆ ಕುಶಲಾಳ ನಮಸ್ಕಾರ.

ಹೇಗಿದ್ದೀರಿ? ಊಟ, ನಿದ್ದೆ ಸರಿ ಉಂಟಾ? ಸೊಂಟನೋವು ಕಡಿಮೆಯಾಯಿತಾ? ಉತ್ತರ ಬಾರದಿದ್ದರೂ ಕೇಳದೆ ಇರಲಾಗುವುದಿಲ್ಲ. ಕಳೆದ ದೀಪಾವಳಿಯಿಂದ ನಿಮ್ಮ ಫೋನ್ ಬಂದ್. ದುಬೈಯಲ್ಲಿ ನಿಮ್ಮ ಕೋಣೆಯಲ್ಲಿದ್ದ ಕಾಪುವಿನ ರೋಹಿತ್ ನಿಮ್ಮ ಪೆಟ್ಟಿಗೆ ತಂದುಕೊಟ್ಟು, ಒಂದು ದಿನ ಕೆಲಸಕ್ಕೆ ಹೊರಟವರು ಮರಳಲಿಲ್ಲ ಎಂದಷ್ಟೇ ಹೇಳಿ ಹೋದ. ನನ್ನ ಬಳಿ ಇರುವುದು ನೀವಿದ್ದ ಲೇಬರ್ ಕ್ಯಾಂಪಿನ ವಿಳಾಸ ಒಂದೇ. ಅಲ್ಲಿಗೇ ಬರೆಯುತ್ತಿದ್ದೇನೆ.

ಇಂದು ಸತ್ತವರಿಗೆ ಬಡಿಸುವ ದಿನ. ನಮ್ಮ ಮನೆಯ ಕ್ರಮ ನಿಮಗೆ ಗೊತ್ತಲ್ಲ. ನಮ್ಮವರಿಗೆ ಮಾತ್ರವಲ್ಲ, ನಮಗಿಂತ ಮೊದಲು ಈ ಮಾಡಿನ ಕೆಳಗೆ ಬಾಳಿದವರಿಗೂ ಎಲೆ ಹಾಕಬೇಕು. ಮದುವೆಯಾಗಿ ಬಂದ ವರ್ಷ ನಾನು ಈ ಮನೆಯ ಚರಿತ್ರೆ ಕಲಿತದ್ದು ಆ ಎಲೆಗಳಿಂದಲೇ. ಮನೆ ಕಟ್ಟಿಸಿದ ಶೆಟ್ಟರಿಗೆ ಕೋಳಿಸಾರು. ಅವರ ಮನೆಯವರು ಪೇಟೆ ಸೇರಿದ ಮೇಲೆ ಗೇಣಿಗೆ ಬಂದ ಕ್ರಿಶ್ಚಿಯನ್ ಕುಟುಂಬದ ತೆರೆಸಾ ಬಾಯಿ ಇದೇ ಒಳಕೋಣೆಯಲ್ಲಿ ಹೆರಿಗೆಯಾಗುವಾಗ ತೀರಿಕೊಂಡವರು. ಅವರ ಎಲೆಯ ಜೊತೆಗೆ ಕೂಸಿಗೂ ಒಂದು ಸಣ್ಣ ಎಲೆ. ಆಮೇಲೆ ಒಕ್ಕಲು ಬಂದು, ಭೂಸುಧಾರಣೆಯ ಕಾಲದ ಡಿಕ್ಲರೇಶನ್ನಿನಲ್ಲಿ ಜಾಗ ಪಡೆದ ನಿಮ್ಮ ಅಜ್ಜನಿಗೆ ಶೇಂದಿ. ಜಾತಿ ಕೇಳಿ ಯಾರಿಗೂ ಬಡಿಸಿದ್ದಿಲ್ಲ. ನನಗೆ ಆ ಕ್ರಮ ತುಂಬ ಇಷ್ಟವಾಗಿತ್ತು.

ಈ ಸಲ ಬಾಳೆಎಲೆ ಕೊಯ್ಯಲು ಹೊರಟಾಗ ಅತ್ತೆ ಹಿಂದಿನಿಂದ, “ಒಂದು ಹೆಚ್ಚು ಕೊಯ್ಯು ಕುಶಲಾ, ವಿಠಲನಿಗೆ” ಎಂದರು. ನಿಮ್ಮ ಹೆಸರು ಕೇಳಿ ನನಗೆ ಮೈಯೆಲ್ಲ ಉರಿಯಿತು. ಹೆತ್ತವರು ಆಡುವ ಮಾತಾ ಇದು ಎಂದು ಬಾಯಿಗೆ ಬಂದಂತೆ ಬೈದೆ. ಕತ್ತಿನ ಕರಿಮಣಿ ಹಿಡಿದು ತೋರಿಸಿದೆ. ಅವರು ಸಿಟ್ಟಾಗಲಿಲ್ಲ. “ಬದುಕಿದ್ದರೆ ಅವನಿಗೆ ಇದರಿಂದ ಎಂತದೂ ಆಗುವುದಿಲ್ಲ. ಇಲ್ಲದಿದ್ದರೆ, ಬೇರೆಯವರು ಉಣ್ಣುವುದನ್ನು ನನ್ನ ಮಗ ಬಾಗಿಲಲ್ಲಿ ನಿಂತು ನೋಡಬೇಕಲ್ವಾ?” ಎಂದರು. ಆದರೆ ಎಲೆ ಬಿದ್ದ ಮೇಲೆ ನಾನು ಯಾರು? ಶ್ರವಣನಿಗೆ ಏನೆಂದು ಹೇಳಲಿ? ಮಾಮೂಲಿನಷ್ಟೇ ಕೊಯ್ದು ತಂದೆ.

ಅತ್ತೆಯ ಆಶೀರ್ವಾದ, ಶ್ರವಣನ ನಮಸ್ಕಾರಗಳು. ಎಲ್ಲಿದ್ದರೂ ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ
ಕುಶಲಾ

ಮತ್ತೆ: ಬಡಿಸಿ ಆಯಿತು. ಅತ್ತೆ ತಾವೇ ತೋಟಕ್ಕೆ ಹೋಗಿ ಎಲೆ ತಂದು ತೆರೆಸಾ ಬಾಯಿಯ ಪಕ್ಕದಲ್ಲಿ ಹಾಸಿದರು. ಅನ್ನದ ಸೌಟನ್ನು ಅವರ ಕೈಯಿಂದ ತೆಗೆದುಕೊಂಡೆ. ನಾನೇ ಬಡಿಸಿದೆ. ಸತ್ತವರು ಬಂದು ಉಣ್ಣಲೆಂದು ಕ್ರಮದಂತೆ ಬಾಗಿಲು ಎಳೆದು ಹೊರಗೆ ಕುಳಿತೆವು. ನೀವು ಒಳಗೆ ಇಲ್ಲದಿರಲಿ ಎಂದು ದೇವರನ್ನು ಬೇಡಿದೆ. ಇದ್ದರೆ ಹೊಟ್ಟೆ ತುಂಬ ಉಣ್ಣಲಿ ಎಂದೂ ಬೇಡಿದೆ. ಈ ಕಾಗದ ನಾಳೆ ಅಂಚೆಗೆ ಹಾಕುತ್ತೇನೆ.