ಕುರುಡಿ ಮೆಗ್‌ನ ಗಂಟೆ

ಜೂನ್ ೩, ಮಂಗಳವಾರ

‘ಒಳ್ಳೆಯ ಸಣ್ಣ ಹೋಲ್ ಒಂದೇ ಪ್ರಶ್ನೆ ಕೇಳುತ್ತದೆ, ಆಮೇಲೆ...’ ಆಮೇಲೆ ಏನು? ‘ಸುಮ್ಮನಾಗುತ್ತದೆ’ ಎಂದೋ, ‘ಉತ್ತರಕ್ಕೆ ಕಾಯುವುದಿಲ್ಲ’ ಎಂದೋ. ಗಾಲ್ಫ್ ಬಗ್ಗೆ ಅಪ್ಪ ಹೇಳುತ್ತಿದ್ದ ಮಾತಿರಬೇಕು. ಅಥವಾ ನಾನೇ ಎಲ್ಲೋ ಓದಿ ಅಪ್ಪನ ಬಾಯಿಗೆ ಹಾಕಿದೆನೋ. ಬೆಳಗ್ಗಿನಿಂದ ತಲೆಯಲ್ಲಿ ಅದೇ. ಒಂದೇ ಪ್ರಶ್ನೆ — ನಿಜವೇ? ಉದ್ದದ ಹೋಲ್‌ಗಳಲ್ಲಿ ಮೊದಲ ಹೊಡೆತ ಕೆಟ್ಟರೂ ತಿದ್ದಿಕೊಳ್ಳಲು ಇನ್ನೊಂದು ಇರುತ್ತದೆ. ಮೂರು ಹೊಡೆತದಲ್ಲಿ ಮುಗಿಸಬೇಕಾದ ಸಣ್ಣ ಹೋಲ್, ಪಾರ್ ತ್ರೀಯಲ್ಲಿ, ಆಟ ಶುರುಮಾಡುವ ಟೀ ಕಟ್ಟೆ ಮೇಲಿಂದ ಒಂದು ಹೊಡೆತ, ಚೆಂಡು ಕುಳಿಯ ಸುತ್ತಲಿನ ನುಣ್ಣನೆ ಗ್ರೀನ್ ಮೇಲೆ ಕೂತರೆ ಕೂತಿತು. ಆ ಅರ್ಥದಲ್ಲಿ ಒಂದೇ ಪ್ರಶ್ನೆ, ಸರಿ. ಆದರೆ ಪ್ರಶ್ನೆ ಕೇಳುವವರು ಮುಖ ತೋರಿಸಬೇಕೋ ಬೇಡವೋ?

ನಮ್ಮ ಕ್ಲಬ್‌ನ ಹನ್ನೆರಡನೆಯ ಹೋಲ್ ತೋರಿಸುವುದಿಲ್ಲ. ಅದಕ್ಕೇ ಊರಿನವರು ಅದನ್ನು ಕುರುಡಿ ಮೆಗ್ ಎನ್ನುತ್ತಾರೆ. ಟೀ ಮೇಲೆ ನಿಂತರೆ ಎದುರಿಗೆ ಹುಲ್ಲು ಬೆಳೆದ ಮರಳುದಿಬ್ಬ, ಅಷ್ಟೇ. ಗ್ರೀನ್ ಅದರ ಹಿಂದೆ, ತಗ್ಗಿನಲ್ಲಿ. ದಿಬ್ಬದ ನೆತ್ತಿಯಲ್ಲಿ ಕುರಿಮರಿಯಷ್ಟು ದೊಡ್ಡ ಬಿಳಿ ಕಲ್ಲು. ಕುಳಿಯ ಬಾವುಟ ಜಾಗ ಬದಲಿಸಿದಂತೆ ಅದನ್ನೂ ಸರಿಸಿಡುತ್ತಾರೆ. ಕಲ್ಲು ನೋಡಿ ಹೊಡೆಯಬೇಕು. ಮುಂದಿನವರು ಆಡಿ ಮುಗಿಸಿ, ತಗ್ಗಿನಿಂದ ಹತ್ತಿ ಹೋಗುವಾಗ ಗಂಟೆ ಬಾರಿಸಿದ ಮೇಲೆ ಮಾತ್ರ.

೨೬ಕ್ಕೆ ಕಮಿಟಿ. ದಿಬ್ಬದ ನೆತ್ತಿ ಕಡಿದು ಗ್ರೀನ್ ಕಾಣುವಂತೆ ಮಾಡಬೇಕೋ ಬೇಡವೋ. ಮೇ ತಿಂಗಳಲ್ಲಿ ಲೀಡ್ಸ್‌ನಿಂದ ಆಡಲು ಬಂದಿದ್ದವನಿಗೆ ಅಲ್ಲಿ ಚೆಂಡು ಬಡಿದು ಹೆಗಲ ಮೂಳೆ ಮುರಿದಾಗಿನಿಂದ ವಿಮೆಯವರ ಕಾಟ. ಗಂಟೆ ಸರಿಯಾಗಿಯೇ ಬಾರಿಸಿದ್ದರು, ಆದರೂ ಪೆಟ್ಟಾಯಿತು, ಅಂದರೆ ಗಂಟೆಯ ಪದ್ಧತಿಯೇ ಸಾಲದು — ಅವರ ವಾದ. ಕಡಿಯಿರಿ, ಇಲ್ಲ ಮುಚ್ಚಿ. ಕಮಿಟಿಯಲ್ಲಿ ಮೂವರು ಕಡಿಯಲಿ ಅನ್ನುತ್ತಾರೆ, ಮೂವರು ಬೇಡ. ಏಳನೆಯವಳು ನಾನು.

ಕ್ಲಬ್ ಕ್ಯಾಪ್ಟನ್ ರೆನ್ನಿ ಬಾರ್ ಹತ್ತಿರ ಹಿಡಿದುಕೊಂಡ. “ಯಾಕೆ ರೋನಾ, ಬಾಯೇ ಬಿಡ್ತಿಲ್ಲ? ಎಂ.ಎ. ಮಾಡಿದವಳು ನೀನು. ಒಂದು ಓಟು ಯಾವ ಕಡೆ ಅಂತ ಹೇಳೋಕೂ ಪದ್ಯ ಬರೀಬೇಕಾ?”

“ಬರೆದ್ರೆ ನಿಮಗೆ ಅರ್ಥ ಆಗಲ್ವಲ್ಲ, ಅದೇ ಯೋಚನೆ” ಅಂದೆ. ನಕ್ಕ. ನಾನೂ ನಕ್ಕೆ. ಮನೆಗೆ ಬಂದ ಮೇಲೂ ಯಾವ ಕಡೆ ಎಂದು ಗೊತ್ತಿಲ್ಲ.

ಜೂನ್ ೫, ಗುರುವಾರ. ಸಂಜೆ

ಲೈಬ್ರರಿಯಲ್ಲಿ ಇಡೀ ದಿನ ಪುಸ್ತಕ ಜೋಡಿಸಿದೆ, ಮತ್ತೆ ಕೆಡವಿ ಜೋಡಿಸಿದೆ. ಕವಿತೆ ತೆರೆದರೆ ಒಂದು ಸಾಲೂ ಹಿಡಿಯಲಿಲ್ಲ. ಚಹಾ ಮಾಡಿ ಕುಡಿಯದೆ ಬಿಟ್ಟೆ. ಕೊನೆಗೆ ಒಂದು ಕೋಲು, ನಾಲ್ಕು ಚೆಂಡು ಹಿಡಿದು ಮೆಗ್ ಹತ್ತಿರ ಹೋದೆ. ಯಾರೂ ಇರಲಿಲ್ಲ. ಕಡಲಿನಿಂದ ಗಾಳಿ.

ಹೊಡೆದೆ. ಚೆಂಡು ಕಲ್ಲಿನ ಮೇಲೆ ಹಾದು ಮಾಯ. ಸದ್ದಿಲ್ಲ. ದಿಬ್ಬ ಹತ್ತತೊಡಗಿದೆ — ಇಲ್ಲಿದೆ ವಿಷಯ. ಹೊಡೆದದ್ದಾಯಿತು, ಏನಾಯಿತೆಂದು ತಿಳಿದಿಲ್ಲ. ಆ ನಡುವಿನ ನಡಿಗೆ. ಚೆಂಡು ಕುಳಿಯೊಳಗೆ ಇರಬಹುದು, ಬಂಕರ್‌ನ ಮರಳುಗುಂಡಿಯಲ್ಲಿ ಹೂತಿರಬಹುದು. ನೆತ್ತಿ ತಲುಪುವವರೆಗೆ ಎರಡೂ ನಿಜ. ಬೇರೆ ಯಾವ ಹೋಲ್ ಇದನ್ನು ಕೊಡುತ್ತದೆ?

ಬಂಕರ್‌ನಲ್ಲಿತ್ತು. ನಾಲ್ಕು ಚೆಂಡಿನಲ್ಲಿ ಮೂರು ಅಲ್ಲೇ.

ಜೂನ್ ೧೦, ಮಂಗಳವಾರ

ಮಂಗಳವಾರದ ಲೇಡೀಸ್ ಆಟ. ಎಂದಿನಂತೆ ನ್ಯಾನ್ ಬೀಟಿ ಜೊತೆ. ನಾವಿಬ್ಬರೂ ಒಂದೇ ಗೋಡೆಯ ಆಚೀಚೆ ಮನೆಯವರು. ಅವರಿಗೆ ಎಂಬತ್ತೊಂದಾದರೂ ಕೋಲುಗಳ ಟ್ರಾಲಿ ತಾವೇ ಎಳೆಯುತ್ತಾರೆ. ಮುಳ್ಳುಪೊದೆಯೊಳಗೆ ಬಿದ್ದ ಚೆಂಡನ್ನು ಅಷ್ಟು ದೂರದಿಂದ ಗುರುತಿಸುವ ಕಣ್ಣು ಎಂದು ಊರಲ್ಲೆಲ್ಲ ಹೆಸರು. ‘ನ್ಯಾನ್ ಕಾಣಲಿಲ್ಲ ಅಂದರೆ ಅದು ಅಲ್ಲಿ ಇಲ್ಲ’ ಎನ್ನುತ್ತಾರೆ.

ಇವತ್ತು ಐದನೇ ಹೋಲ್‌ನಲ್ಲಿ ತಮ್ಮ ಚೆಂಡನ್ನೇ ದಾಟಿಕೊಂಡು ಹೋದರು. ಬೋಳು ಹುಲ್ಲು, ಬಟ್ಟಲಲ್ಲಿಟ್ಟ ಮೊಟ್ಟೆಯ ಹಾಗೆ ಕಾಣುತ್ತಿತ್ತು.

“ನ್ಯಾನ್, ನಿಮ್ಮದು ಇಲ್ಲಿದೆ.”

“ಯಾರದ್ದೋ ಅಂದ್ಕೊಂಡೆ ಕಣೇ. ನಾನು ಇಷ್ಟು ಕಮ್ಮಿ ಯಾವತ್ತು ಹೊಡೆದಿದೀನಿ?”

ಎಂಟನೆಯದೂ ಪಾರ್ ತ್ರೀ, ಎಲ್ಲವೂ ಕಣ್ಣೆದುರಿಗೆ. ಅಲ್ಲಿ ಟೀ ಮೇಲೆ ನಿಂತು, “ಬಾವುಟ ಎಲ್ಲಿಟ್ಟಿದಾರೆ ಅನ್ಸತ್ತೆ ನಿಂಗೆ?” ಅಂದರು, ನನ್ನನ್ನು ಪರೀಕ್ಷೆ ಮಾಡುವವರ ಹಾಗೆ. ಹೇಳಿದೆ. ಕೋಳಿಯ ಹಾಗೆ ಕತ್ತು ಓರೆ ಮಾಡಿ ನೋಡಿದರು. ನೀರಿಗೆ ಹಾಕಿದರು. ಆಮೇಲೆ ಗ್ರೀನ್ ಮೇಲೆ ಚೆಂಡು ಉರುಳಿಸಿ ಕುಳಿ ಸೇರಿಸಲು ಮೂರು ಪಟ್. ಬಾಯಲ್ಲಿ ಒಂದು ಬೈಗುಳ.

ಆಮೇಲೆ ಮೆಗ್. ಅಲ್ಲಿ ಏನೂ ಕೇಳಲಿಲ್ಲ. ಕತ್ತು ಓರೆ ಮಾಡಿ ಬಿಳಿ ಕಲ್ಲಿನ ಕಡೆ ಒಂದು ಸಲ, ಅಷ್ಟೇ. ತೂಗಿದರು, ಹೊಡೆದರು. ಮರದ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಂಥ ಸದ್ದು. ಕಿವಿಗೊಟ್ಟು ನಿಂತರು.

“ಬಾವುಟದ ಬಲಕ್ಕೆ. ಎರಡು ಮಾರು.”

ನೆತ್ತಿ ಹತ್ತಿ ನೋಡಿದರೆ ಬಾವುಟದ ಬಲಕ್ಕೆ, ಎರಡು ಮಾರು.

“ಇಲ್ಲಿ ಎಲ್ರೂ ಒಂದೇ ಕಣೇ ಹುಡುಗಿ” ಅಂದರು ಇಳಿಯುತ್ತಾ. ಖುಷಿಯಾಗಿದ್ದರು. ಮೆಗ್‌ನಲ್ಲಿ ಕಡಿಮೆ ಹೊಡೆತದಲ್ಲಿ ಮುಗಿಸಿದವರೇ ಗಂಟೆ ಬಾರಿಸುವುದು ಇಲ್ಲಿನ ಪದ್ಧತಿ. ಬಾರಿಸಿದರು. ಹಗ್ಗ ಹಿಡಿದ ಕೈ ನೋಡುತ್ತಾ ನಿಂತೆ. ಏನೋ ಚುಚ್ಚಿತು, ಏನೆಂದು ತಿಳಿಯಲಿಲ್ಲ.

ಜೂನ್ ೧೧, ಬುಧವಾರ

ತಿಳಿಯಿತು. ಬೆಳಿಗ್ಗೆ ಹಲ್ಲುಜ್ಜುವಾಗ.

ಮೇ ತಿಂಗಳ ಆ ದಿನವೂ ನಾವಿಬ್ಬರೇ. ನಮ್ಮ ಮುಂದೆ ಆ ಲೀಡ್ಸ್‌ನವನು ಒಬ್ಬನೇ ಆಡುತ್ತಿದ್ದ, ನಿಧಾನ. ಮೆಗ್ ಹತ್ತಿರ ತನ್ನ ಆಟ ಅರ್ಧಕ್ಕೇ ನಿಲ್ಲಿಸಿ, ಪಕ್ಕಕ್ಕೆ ಸರಿದು ನಮಗೆ ದಾರಿ ಬಿಟ್ಟ. ನಮ್ಮದು ಮುಗಿಯಿತು. ನ್ಯಾನ್ ಗೆದ್ದಿದ್ದರು. ನಾನು ಟ್ರಾಲಿಗಳನ್ನು ಎಳೆದುಕೊಂಡು ಮುಂದಿನ ಟೀಗೆ ಹೋದೆ. ಗಂಟೆ ಕೇಳಿಸಿತು. ಆಮೇಲೆ ಕೂಗು. ಅವನು ಗ್ರೀನ್ ಪಕ್ಕದ ಬಂಕರ್‌ನಲ್ಲಿ ಕೈಗವಸು ಹುಡುಕುತ್ತಾ ಬಗ್ಗಿದ್ದನಂತೆ. ಮರಳು ಬಣ್ಣದ ಜಾಕೆಟ್. ನಮ್ಮ ಹಿಂದಿನವರು ಗಂಟೆ ನಂಬಿ ಹೊಡೆದರು.

ನ್ಯಾನ್ ಅಂದದ್ದು: “ಸುತ್ತ ನೋಡೇ ಬಾರಿಸಿದ್ದು. ಯಾರೂ ಇರ್ಲಿಲ್ಲ. ಆಮೇಲೆ ಬಂದು ಇಳಿದಿರ್ಬೇಕು.” ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ. ನ್ಯಾನ್ ಕಾಣಲಿಲ್ಲ ಅಂದರೆ ಅದು ಅಲ್ಲಿ ಇಲ್ಲ. ಹಾಗಾಗಿ ತಪ್ಪು ದಿಬ್ಬದ್ದಾಯಿತು.

ನ್ಯಾನ್ ಮನೆಗೆ ಹೋದೆ. ಬೇಳೆ ಸೂಪ್ ಕುದಿಯುತ್ತಿತ್ತು. ರೇಡಿಯೊ ಹಾಡುತ್ತಿತ್ತು. ಟೀವಿಗೆ ಬಟ್ಟೆ ಮುಚ್ಚಿ ಅದರ ಮೇಲೆ ಹೂದಾನಿ ಇಟ್ಟಿದ್ದಾರೆ. ಯಾವಾಗಿನಿಂದ?

“ಕಣ್ಣು ಹೇಗಿದೆ, ನ್ಯಾನ್?”

ಸೌಟು ನಿಂತಿತು. “ಯಾರು ಹೇಳಿದ್ರು?”

“ಐದನೇ ಹೋಲ್.”

ಗೊರಕೆ ಹೊಡೆದ ಹಾಗೆ ನಕ್ಕರು. ಕೂತರು. ಎರಡೂ ಕಣ್ಣಿನ ನಡುಭಾಗ ಹೋಗಿದೆಯಂತೆ, ಯಾರೋ ಹೆಬ್ಬೆರಳು ಒತ್ತಿ ಹಿಡಿದ ಹಾಗೆ. ಅಂಚಿನಲ್ಲಿ ಮಾತ್ರ ಉಳಿದಿದೆ. “ನೇರ ನೋಡಿದ್ದು ಕಾಣಲ್ಲ. ನೋಡದೇ ಇದ್ದದ್ದು ಕಾಣತ್ತೆ. ಚರ್ಚಿಗೆ ಹೋಗೋರಿಗೆ ಒಳ್ಳೇದೇನೋ. ನಂಗೆ ಬೇಡ.”

“ಕ್ಲಬ್‌ನಲ್ಲಿ...”

“ಉಸಿರೆತ್ತಿದ್ರೆ ನೋಡು! ಮಂಗಳವಾರದ ಪಟ್ಟಿಯಿಂದ ತೆಗೀತಾರೆ. ಕಿಟಕಿ ಪಕ್ಕ ಕೂರಿಸಿ, ಕಂಬಳಿ ಹೊದಿಸಿ, ‘ನ್ಯಾನ್‌ಗೆ ಒಂದು ಕೇಕ್ ಕೊಡಿ’ ಅಂತಾರೆ. ಮೆಗ್ ಇರೋವರ್ಗೂ ನಾನು ಆಟಗಾರ್ತಿ ಕಣೇ. ಬೇರೆ ಕಡೆ ಸೋತು, ಅಲ್ಲೊಂದು ಗೆದ್ರೆ ಸಾಕು ನಂಗೆ.”

ಕೇಳಿಯೇಬಿಟ್ಟೆ. “ನ್ಯಾನ್, ಅವತ್ತು ಆ ಬಂಕರ್‌ನಲ್ಲಿ...”

“ಯಾರೂ ಇರ್ಲಿಲ್ಲ.”

ನೇರವಾಗಿ ನನ್ನ ಮುಖ ನೋಡಿ ಹೇಳಿದರು. ನೇರ ನೋಡಿದರೆ ಕಾಣುವುದಿಲ್ಲ ಎಂದು ಆಗಷ್ಟೇ ಹೇಳಿದ್ದರು.

ಸೂಪ್ ಕುಡಿದು ಬಂದೆ. ನಾಲಿಗೆ ಸುಟ್ಟಿದೆ.

ಅದೇ ದಿನ, ಊಟದ ನಂತರ

ಬರೆದು ನೋಡುತ್ತೇನೆ, ಬರೆದರೆ ಸರಿಯಾಗಿ ಕಾಣಬಹುದು. ನಿಜ ಹೇಳಿದರೆ ಮೆಗ್ ಉಳಿಯುತ್ತದೆ: ದೋಷ ದಿಬ್ಬದ್ದಲ್ಲ, ಗಂಟೆಯ ಪದ್ಧತಿಯದ್ದಲ್ಲ, ಬಾರಿಸಿದವರಿಗೆ ಕಣ್ಣು ಕಾಣುತ್ತಿರಲಿಲ್ಲ. ಆದರೆ ನ್ಯಾನ್ ಹೋಗುತ್ತಾರೆ. ಸುಮ್ಮನಿದ್ದರೆ ನ್ಯಾನ್ ಮಾನ ಉಳಿಯುತ್ತದೆ, ದಿಬ್ಬ ಹೋಗುತ್ತದೆ. ದಿಬ್ಬ ಹೋದರೆ ಅವರು ಗೆಲ್ಲಬಲ್ಲ ಒಂದೇ ಹೋಲ್ ಹೋಗುತ್ತದೆ. ನಿಜ ಮುಚ್ಚಿಟ್ಟು ‘ಕಡಿಯಬೇಡಿ’ ಎಂದು ಓಟು ಹಾಕಬಹುದು. ಹಾಕಿದರೆ ಮುಂದಿನ ಮಂಗಳವಾರ ಮತ್ತೆ ಅವರೇ ಬಾರಿಸುತ್ತಾರೆ.

ಕಂಡದ್ದು ಇಷ್ಟೇ. ಕಾಣದಿದ್ದರೇ ಚೆನ್ನಾಗಿತ್ತು.

ಜೂನ್ ೧೩, ಶುಕ್ರವಾರ

ಎಡಿನ್‌ಬರಾದಿಂದ ಪ್ರಿಂಗಲ್ ಬಂದಿದ್ದ, ಗಾಲ್ಫ್ ಮೈದಾನ ವಿನ್ಯಾಸ ಮಾಡುವವನು. ಮೆಗ್ ಟೀ ಮೇಲೆ ನಿಂತು ದಿಬ್ಬವನ್ನು ಹಲ್ಲಿನ ಡಾಕ್ಟರ ಹಾಗೆ ನೋಡಿದ. ಕೆಟ್ಟವನಲ್ಲ. ಪೆದ್ದನಂತೂ ಅಲ್ಲ.

“ಒಳ್ಳೆ ಪಾರ್ ತ್ರೀ ಅಂದ್ರೆ ಏನು ಹೇಳಿ ಮೇಡಂ? ನಿಂತ ಕಡೆಯಿಂದ ಎಲ್ಲ ಕಾಣಬೇಕು. ಅಪಾಯ ಎಲ್ಲಿದೆ, ಆಸೆ ಎಲ್ಲಿದೆ, ತಪ್ಪಿಸಿಕೊಳ್ಳೋ ದಾರಿ ಎಲ್ಲಿದೆ. ಎಲ್ಲ ಕಂಡ ಮೇಲೂ ತಪ್ಪಿದ್ರೆ ತಪ್ಪು ನಮ್ಮದೇ. ಅದು ನ್ಯಾಯ.”

“ಕಾಣದೆ ಇದ್ರೆ?”

“ಅದೃಷ್ಟ. ಲಾಟರಿಗೂ ಇದಕ್ಕೂ ಏನು ವ್ಯತ್ಯಾಸ?”

ರೆನ್ನಿ ಗದ್ದ ಉಜ್ಜಿಕೊಂಡ. “ನಮ್ಮ ನ್ಯಾನ್‌ಗೆ ಹೇಳಿ ನೋಡಿ ಇದನ್ನ. ಐವತ್ತು ವರ್ಷದಿಂದ ಅವಳಿಗೆ ಒಂದೇ ಲಾಟರಿ ಹೊಡೀತಾ ಇದೆ.”

ಎಲ್ಲರೂ ನಕ್ಕರು. ಪ್ರಿಂಗಲ್ ಗೂಟ ನೆಟ್ಟ, ಕಡಿಯಬೇಕಾದಲ್ಲಿ ಕೆಂಪು ದಾರ ಕಟ್ಟಿದ. ಎಲ್ಲ ಕಂಡ ಮೇಲೂ ತಪ್ಪಿದರೆ ತಪ್ಪು ನಮ್ಮದೇ. ಅವನು ಹೇಳಿದ್ದು ಗಾಲ್ಫ್ ವಿಷಯ. ನಾನು ಮನೆವರೆಗೂ ಹೊತ್ತುಕೊಂಡು ಬಂದೆ.

ಜೂನ್ ೧೭, ಮಂಗಳವಾರ

ಆಡಲಿಲ್ಲ. ತಲೆನೋವು ಎಂದು ಗೋಡೆಯಾಚೆಗೆ ಹೇಳಿದೆ. ತಲೆ ನೋಯುತ್ತಿರಲಿಲ್ಲ. ಬಿಸಿಲು ಚೆನ್ನಾಗಿತ್ತು. ಅವರೂ ಹೋಗಲಿಲ್ಲ. ರೇಡಿಯೊ ಇಡೀ ದಿನ.

ಜೂನ್ ೨೪, ಮಂಗಳವಾರ

ನ್ಯಾನ್ ಬಾಗಿಲಿಗೆ ಬಂದು ಕರೆದರು, ಇಲ್ಲ ಅನ್ನಲಾಗಲಿಲ್ಲ. ಮೊದಲ ಹನ್ನೊಂದು ಹೋಲ್‌ನಲ್ಲೂ ನಾನೇ ಅವರ ಚೆಂಡಿನ ಪಕ್ಕ ಹೋಗಿ ನಿಲ್ಲುತ್ತಿದ್ದೆ, ಹುಡುಕಿಕೊಟ್ಟಂತೆ ಕಾಣಬಾರದೆಂದು ಬೂಟಿನ ಲೇಸ್ ಕಟ್ಟುತ್ತಾ. ಒಂಬತ್ತನೆಯದರಲ್ಲಿ, “ನಿನ್ನ ಬೂಟು ಹಾಳಾಗಿದೆ, ಹೊಸದು ತಗೋ” ಅಂದರು.

ಮೆಗ್. ದಿಬ್ಬದ ಬುಡದ ಗೂಟಗಳನ್ನು ಕೈಯಿಂದ ಮುಟ್ಟಿ ನೋಡಿದರು. ಕೆಂಪು ದಾರ ಬೆರಳಲ್ಲಿ ಎಳೆದುಬಿಟ್ಟರು, ತಂತಿ ಮೀಟಿದ ಹಾಗೆ.

ಸುಮ್ಮನಿರಲಾಗದೆ ಅಪ್ಪನ ಆ ಮಾತಿನ ಬಗ್ಗೆ ಕೇಳಿದೆ. “‘ಸಣ್ಣ ಹೋಲ್ ಒಂದೇ ಪ್ರಶ್ನೆ ಕೇಳುತ್ತೆ, ಆಮೇಲೆ...’ ಆಮೇಲೆ ಏನಂತಿದ್ರು?”

“‘ಉತ್ತರಕ್ಕೆ ನೀನೇ ನಡ್ಕೊಂಡು ಹೋಗ್ಬೇಕು.’” ಸ್ವಲ್ಪ ತಡೆದು, “ಇಲ್ಲ, ‘ಚೆಂಡು ಹುಡುಕೋಕೆ’ ಅಂದನೋ ಏನೋ. ನಿಮ್ಮಪ್ಪ ಆಡಿದ್ದಕ್ಕಿಂತ ಹುಡುಕಿದ್ದೇ ಜಾಸ್ತಿ.”

ಹೊಡೆದರು. ಅದೇ ಸದ್ದು. ಕಿವಿಗೊಟ್ಟರು. ನಾವು ಹತ್ತಿದೆವು. ಕುಳಿಯಿಂದ ಒಂದು ಗೇಣು. ಒಂದೇ ಪಟ್, ಒಟ್ಟು ಎರಡು ಹೊಡೆತ. ನನಗೆ ನಾಲ್ಕು. ತಗ್ಗಿನಿಂದ ಮೇಲೆ ಬಂದೆವು. ಗಂಟೆಯ ಹಗ್ಗ ಹಿಡಿದರು. ಹಿಡಿದೇ ನಿಂತರು. ಗ್ರೀನ್ ಕಡೆ ತಿರುಗಿದರು, ಕತ್ತು ಈ ಕಡೆ ಓರೆ, ಆ ಕಡೆ ಓರೆ. ಗಾಳಿ. ಹಿಂದಿನವರು ದಿಬ್ಬದಾಚೆಯಿಂದ ಕೂಗಿದರು, “ಏನ್ರೀ, ನಿದ್ದೆ ಬಂತಾ?”

ಹಗ್ಗ ನನ್ನ ಕೈಗೆ ಕೊಟ್ಟರು.

“ನೀನು ನೋಡಿ ಬಾರಿಸು.”

“ಗೆದ್ದಿದ್ದು ನೀವು.”

“ಗೊತ್ತು.”

ನೋಡಿದೆ. ಬಂಕರ್, ಗ್ರೀನ್, ಹುಲ್ಲು, ಮತ್ತೆ ಬಂಕರ್. ಯಾರೂ ಇರಲಿಲ್ಲ. ಬಾರಿಸಿದೆ. ತಿರುಗಿದರೆ ನ್ಯಾನ್ ಆಗಲೇ ಮುಂದೆ ನಡೆದಿದ್ದರು, ಟ್ರಾಲಿ ಬಿಟ್ಟು. ಉಳಿದದ್ದು ಆಡದೆ, ಎರಡೂ ಟ್ರಾಲಿ ಎಳೆದುಕೊಂಡು ಹಿಂದೆ ಹೋದೆ. ಮನೆ ಬಾಗಿಲಲ್ಲಿ, “ಗುರುವಾರ ಅಲ್ವಾ ಕಮಿಟಿ?” ಅಂದರು. ಹೌದೆಂದೆ.

ಜೂನ್ ೨೬, ಗುರುವಾರ. ಸಂಜೆ ಆರೂವರೆ

ಏಳಕ್ಕೆ ಮೀಟಿಂಗ್. ಏನು ಹೇಳುತ್ತೇನೆ? ಬೆಳಗ್ಗಿನಿಂದ ನಾಲ್ಕು ರೀತಿ ಹೇಳಿ ನೋಡಿದೆ, ಕನ್ನಡಿಗೆ, ಕೆಟಲ್‌ಗೆ. ಕೊನೆಗೆ ಉಳಿದದ್ದು: ‘ಗಂಟೆಯನ್ನು ಇನ್ನು ಮೇಲೆ ಗೆದ್ದವರಲ್ಲ, ಇಬ್ಬರೂ ಸೇರಿ ನೋಡಿ ಬಾರಿಸಬೇಕು’. ಯಾಕೆ ಎಂದು ಕೇಳಿದರೆ? ಕೇಳಿಯೇ ಕೇಳುತ್ತಾರೆ. ಆಗ ಸುಳ್ಳು ಹೇಳಬೇಕು, ಇಲ್ಲವೇ ಹೆಸರು ಹೇಳಬೇಕು. ಗೋಡೆಯಾಚೆ ರೇಡಿಯೊ ಮಧ್ಯಾಹ್ನವೇ ನಿಂತಿದೆ. ಬೀರು ತೆರೆದು ಮುಚ್ಚುವ ಸದ್ದು. ಎರಡು ಸಲ ಕೋಟು ಹಾಕಿಕೊಂಡೆ, ತೆಗೆದೆ.

ಬಾಗಿಲು ತಟ್ಟುತ್ತಿದ್ದಾರೆ.

ನ್ಯಾನ್. ಕ್ಲಬ್‌ನ ಹಸಿರು ಬ್ಲೇಜರ್, ಎದೆಯ ಮೇಲೆ ಚಾಂಪಿಯನ್ ಬ್ಯಾಡ್ಜ್ ತಲೆಕೆಳಗಾಗಿದೆ. ನೇರ ಮಾಡಲು ಹೋದರೆ ಕೈ ತಟ್ಟಿದರು. ಒಳಗೆ ಬನ್ನಿ ಎಂದರೆ ಬರಲಿಲ್ಲ, ಹೊಸಿಲ ಮೇಲೇ ನಿಂತಿದ್ದಾರೆ. ಕೋಟು ತರುತ್ತೇನೆಂದು ಒಳಗೆ ಬಂದು, ನಿಂತಲ್ಲೇ ಇದನ್ನು ಗೀಚುತ್ತಿದ್ದೇನೆ. ಅವರು ಅಂದದ್ದು:

“ನೀನು ಅಲ್ಲಿ ಏನೂ ಮಾತಾಡ್ಬೇಡ ಕಣೇ, ಗಂಟೆ ಬಾರಿಸಿದ್ದು ನಾನು, ಹೇಳೋದೂ ನಾನೇ. ಕ್ಲಬ್ ಮೆಟ್ಟಿಲ ಹತ್ರ ಮಾತ್ರ ನನ್ನ ತೋಳು ಹಿಡ್ಕೊ. ರೆನ್ನಿ ನೋಡೋ ಮುಂಚೆ ಬಿಟ್ಬಿಡು.”