ಹೊತ್ತಿಗೆ ಸರಿಯಾಗಿ ಬಂದ ಚೀಟಿ

ನವೆಂಬರ್ ೯, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಚೀಟಿ ಬಂದು ಹದಿನೆಂಟು ದಿನವಾಯಿತು. ಕೆಲಸವಿತ್ತು ಎಂದರೆ ಸುಳ್ಳು. ಬರೆಯಲು ಕೈ ಬರಲಿಲ್ಲ. ಇದನ್ನು ನಿನಗೆ ಓದಿ ಹೇಳುವವರು ಭಾವ ಎಂದು ಈಗ ಗೊತ್ತು. ಭಾವ, ಏನನ್ನೂ ಬಿಡದೆ ಓದಿ.

ಅಕ್ಕ, ನಮ್ಮ ಜೋಡಿ ನಕ್ಷತ್ರ ಈ ಸಲ ಸಮಯಕ್ಕೆ ಹೊತ್ತಿಕೊಳ್ಳಲಿಲ್ಲ. ಒಂದು ಇನ್ನೊಂದರ ಅನಿಲವನ್ನು ಸೆಳೆದು ಸುತ್ತ ಕೂಡಿಡುತ್ತದೆ, ಅದು ಮಿತಿಮೀರಿದಾಗ ಭಗ್ಗೆಂದು ಬೆಳಗಿ ವಾರದಲ್ಲಿ ಮಂಕಾಗುತ್ತದೆ ಎಂದು ನನಗೆ ಕಲಿಸಿದವಳು ನೀನು. "ಉರಿಯೋವಾಗ್ಲೂ ಬೆಳಕು ಒಂದೇ ಸಮ ಇರಲ್ಲ ಕಣೇ, ನಡುಗುತ್ತೆ. ಆ ನಡುಕ ಅಳೀಬೇಕು" ಎನ್ನುತ್ತಿದ್ದೆ. ದೂರದರ್ಶಕದಿಂದ ಕಣ್ಣು ಕದಲಿಸದೆ ನೀನು ಹೇಳುವುದು, ಭಾವ ಬರೆದುಕೊಳ್ಳುವುದು. ಇಪ್ಪತ್ತು ವರ್ಷ ಹಾಗೇ ನಡೆಯಿತು. ಸುಮಾರು ನಲವತ್ತು ದಿನಕ್ಕೊಮ್ಮೆ ಬರುವ ಸ್ಫೋಟ ಈ ಬಾರಿ ತಡವಾಯಿತು. ಸ್ಫೋಟ ಕಂಡೆ ಎನ್ನುವ ನಿನ್ನ ಚೀಟಿ ತಡವಾಗಲಿಲ್ಲ. ನಡುಕದ ಅಂಕಿಗಳೂ ಇದ್ದವು.

ಇಲ್ಲಿ ವೀಕ್ಷಣಾಲಯದಲ್ಲಿ ಆಕಾಶದ ಚಿತ್ರ ತೆಗೆಯುವ ಕ್ಯಾಮೆರಾ ನೋಡಿಕೊಳ್ಳುವವರು ನಕ್ಕರು. "ಮೇಡಂ, ನಕ್ಷತ್ರ ಇನ್ನೂ ಮಲಗಿದೆ, ನಿಮ್ಮಕ್ಕ ಆಗ್ಲೇ ಎದ್ದುಬಿಟ್ಟಿದಾರೆ." ನಾನೂ ನಕ್ಕೆ. ಆಮೇಲೆ, ಆ ಕ್ಯಾಮೆರಾ ಬಂದ ಮೂರು ವರ್ಷದ ಚಿತ್ರಗಳ ಪಕ್ಕ ನಿನ್ನ ಚೀಟಿಗಳನ್ನಿಟ್ಟೆ. ನಿನ್ನವನ್ನು ತಾಳೆ ನೋಡಬೇಕೆಂದು ಯಾವತ್ತೂ ಅನ್ನಿಸಿರಲಿಲ್ಲ. ಒಂದೂ ತಾಳೆಯಾಗಲಿಲ್ಲ.

ಭಾವನಿಗೆ ಫೋನ್ ಮಾಡಿದೆ. "ಅವಳಿಗೆ ನನ್ನ ಮುಖಾನೇ ಕಾಣಲ್ಲ ಕಣಮ್ಮ, ನಕ್ಷತ್ರ ಎಲ್ಲಿಂದ ಕಾಣ್ಬೇಕು? ಆಸ್ಪತ್ರೆಗೂ ಬರಲ್ಲ. ಸಾಕು ಮಾಡೇ ಅಂದ್ರೆ, ಅಂಕಿ ನಿಂತ್ರೆ ತಂಗಿ ಕಾಗದಾನೂ ನಿಲ್ಲುತ್ತೆ ಅಂತಾಳೆ."

ನನ್ನ ಕಾಗದಗಳಲ್ಲಿ 'ಚೀಟಿ ತಲುಪಿತು' ಎನ್ನುವುದರಾಚೆ ಏನಿರುತ್ತಿತ್ತು?

ನೀನು ಕಳಿಸಿದ ಮೂರು ವರ್ಷದ ಇಪ್ಪತ್ತೇಳು ಸ್ಫೋಟಗಳನ್ನು ನಿನ್ನೆ ರಿಜಿಸ್ಟರಿನಲ್ಲಿ ನಾನೇ ಹೊಡೆದುಹಾಕಿದೆ. ಅದಕ್ಕೂ ಹಿಂದೆ ಈ ನಕ್ಷತ್ರವನ್ನು ನೋಡುತ್ತಿದ್ದವಳು ನೀನೊಬ್ಬಳೇ. ನಿರ್ದೇಶಕರು ಕೇಳಿದರು: "ಕಣ್ಣು ಯಾವಾಗಿಂದ ಹೋಯ್ತು ಅಂತ ಅವರ ಕೈಬರಹದಲ್ಲಿ ಏನಾದ್ರೂ ಇದ್ರೆ ತೋರ್ಸಿ. ಹಿಂದಿನ ಹದಿನೇಳು ವರ್ಷ ಉಳಿಸ್ಕೋಬಹುದು." ಇಲ್ಲ ಎಂದೆ. ಅವೂ ಹೋದವು. ಈ ನಕ್ಷತ್ರದ ಬಗ್ಗೆ ನಾವು ಬರೆಯುತ್ತಿರುವ ಪ್ರಬಂಧದಲ್ಲಿ ಈಗ ನಿನ್ನ ಹೆಸರಿಲ್ಲ.

ಆಶೀರ್ವಾದ ಬೇಡಲು ಮುಖವಿಲ್ಲ. ನೀವಿಬ್ಬರೂ ಚೆನ್ನಾಗಿರಿ.

ನಿನ್ನ ತಂಗಿ

ಮರೆತ ಮಾತು: ಭಾವ, ಇದನ್ನೂ ಓದಿ. ಅಕ್ಕ, ಮೂರು ವರ್ಷದ ಹಿಂದೆ ಒಂದು ಚೀಟಿಯ ಕೆಳಗೆ, ಭಾವನ ಅಕ್ಷರದಡಿ, ಸೊಟ್ಟಗೆ ನೀನೇ ಬರೆದಿದ್ದೆ, ತಾರೀಖು ಹಾಕಿ: 'ಮೊನ್ನೆಯಿಂದ ಕಣ್ಣು ಕೈಕೊಡ್ತಿದೆ, ಒಂದ್ಸಲ ಬಂದುಹೋಗೆ.' ಅಂಕಿಗಳನ್ನು ರಿಜಿಸ್ಟರಿಗೆ ಅಂಟಿಸುವಾಗ ಆ ಸಾಲನ್ನು ಕತ್ತರಿಸಿ ಕಸದ ಬುಟ್ಟಿಗೆ ಹಾಕಿದೆ. ಓದಿದ ಮೇಲೆಯೇ ಹಾಕಿದ್ದು.